ಕಾವ್ಯಕ್ಕೆ ಕೂಲಿ ಎಷ್ಟು?

ಕಲಬುರಗಿಯಿಂದ ಹೊರಡುವ ರಸ್ತೆಗಳಲ್ಲಿ ಎರಡು, ಕನ್ನಡ ಸಾಹಿತ್ಯದ ಎರಡು ಬೇರೆ ಬೇರೆ ನಂಬಿಕೆಗಳ ಕಡೆಗೆ ಹೋಗುತ್ತವೆ. ಸೇಡಂ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್ ಸಾಗಿದರೆ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ ಸಿಗುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಶ್ರೀವಿಜಯನು ‘ಕವಿರಾಜಮಾರ್ಗ’ವನ್ನು ರಚಿಸಿದ್ದು ನೃಪತುಂಗನ ಆಸ್ಥಾನದಲ್ಲಿ, ಹತ್ತನೆಯ ಶತಮಾನದಲ್ಲಿ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟವನು ಅದೇ ವಂಶದ ಮೂರನೆಯ ಕೃಷ್ಣ. ಇನ್ನೊಂದು ರಸ್ತೆ ಹುಮನಾಬಾದಿನದು. ಅದು ಕಮಲಾಪುರವನ್ನು ಹಾದು ಹೋಗುತ್ತದೆ. ಅದೇ ದಿಕ್ಕಿನಲ್ಲಿ ಮುಂದೆ ಬಸವಕಲ್ಯಾಣವಿದೆ. ಹನ್ನೆರಡನೆಯ ಶತಮಾನದಲ್ಲಿ ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಬಟ್ಟೆ ಒಗೆಯುವವರು ಅಲ್ಲಿ ಯಾರ ಅಪ್ಪಣೆಯೂ ಇಲ್ಲದೆ, ಯಾರ ಕಾಸೂ ಇಲ್ಲದೆ ವಚನ ರಚಿಸಿದರು. ಒಂದು ದಾರಿಯಲ್ಲಿ ಅರಸನ ಅನ್ನ, ಇನ್ನೊಂದರಲ್ಲಿ ಸ್ವಂತ ದುಡಿಮೆಯ ಅನ್ನ.

ದುಡ್ಡಿಗಾಗಿ ಬರೆದದ್ದು ಶ್ರೇಷ್ಠ ಸಾಹಿತ್ಯವಾಗಬಲ್ಲದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಭಾಗದ ಸಾಹಿತ್ಯಾಸಕ್ತರು ಈ ಎರಡನೆಯ ದಾರಿಯನ್ನು ತೋರಿಸಿ ಮಾತು ಮುಗಿಸಿಬಿಡುತ್ತಾರೆ. ಕಳೆದ ವರ್ಷ ನಗರದ ಒಂದು ಸಣ್ಣ ಗೋಷ್ಠಿಯಲ್ಲಿ ಆದದ್ದೂ ಅಷ್ಟೇ. ಕಮಲಾಪುರದವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಬೆಂಗಳೂರಿನಲ್ಲಿ ದೂರದರ್ಶನ ಧಾರಾವಾಹಿಯೊಂದಕ್ಕೆ ಸಂಭಾಷಣೆ ಬರೆಯುವ ಕೆಲಸ ಸಿಕ್ಕಿತ್ತು. ಕಂತಿಗಿಷ್ಟು ಎಂದು ಲೆಕ್ಕ. ಆತ ಒಳ್ಳೆಯ ಕತೆಗಾರ; ಬರೆದದ್ದು ಏಳೆಂಟೇ ಕತೆಯಾದರೂ ಅವುಗಳಲ್ಲಿ ಎರಡನ್ನು ನಾನು ಈಗಲೂ ಮರೆತಿಲ್ಲ. ಸುದ್ದಿ ಕೇಳಿದ ಹಿರಿಯರೊಬ್ಬರು, ಸರಸ್ವತಿಯನ್ನು ಸಂತೆಗೆ ಹೊರಡಿಸಿದೆಯಲ್ಲಪ್ಪಾ ಎಂದು ನಿಟ್ಟುಸಿರಿಟ್ಟರು. ಹುಡುಗ ತಲೆ ತಗ್ಗಿಸಿದ. ಆ ಹಿರಿಯರು ಸರ್ಕಾರಿ ಕಾಲೇಜಿನಿಂದ ನಿವೃತ್ತರಾದವರು, ತಿಂಗಳು ತಿಂಗಳು ಪಿಂಚಣಿ ಪಡೆಯುವವರು. ನಾನೂ ಪಡೆಯುವವನೇ. ಆದ್ದರಿಂದಲೇ ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕೆನಿಸಿತು.

ಮೊದಲು ಪಂಪನನ್ನೇ ನೋಡೋಣ. ಕನ್ನಡದಲ್ಲಿ ಶ್ರೇಷ್ಠವೆನ್ನಲು ಯಾರೂ ಹಿಂಜರಿಯದ ಕಾವ್ಯವೆಂದರೆ ‘ವಿಕ್ರಮಾರ್ಜುನ ವಿಜಯ’. ಕ್ರಿ.ಶ. 941ರ ಸುಮಾರಿನ ಈ ಕೃತಿ ಸಂಪೂರ್ಣವಾಗಿ ಹೇಳಿ ಬರೆಸಿದ ಕೆಲಸ. ಮಳಖೇಡದ ಚಕ್ರವರ್ತಿಗಳ ಸಾಮಂತನಾಗಿ ವೇಮುಲವಾಡದಲ್ಲಿ ಆಳುತ್ತಿದ್ದ ಎರಡನೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಭಾರತ ಬರೆಯುವುದು ಒಪ್ಪಂದ. ಅದಕ್ಕೆ ದೊರೆತ ಪ್ರತಿಫಲ ಧರ್ಮಪುರವೆಂಬ ಅಗ್ರಹಾರ. ಈ ದಾನದ ಮಾತು ಕವಿಯ ತಮ್ಮ ಜಿನವಲ್ಲಭ ಹಾಕಿಸಿದ ಕುರಿಕ್ಯಾಲ ಶಾಸನದಲ್ಲೂ ಇದೆ. ಆರು ತಿಂಗಳಲ್ಲಿ ಬರೆದು ಮುಗಿಸಿದೆನೆಂದು ಕವಿಯೇ ಹೇಳಿಕೊಂಡಿದ್ದಾನೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಕೊಟ್ಟ ವಸ್ತು, ಹಿಡಿದ ಗಡುವು, ತೆತ್ತ ಸಂಭಾವನೆ. ನಮ್ಮ ಹುಡುಗನ ಧಾರಾವಾಹಿಗಿಂತ ಇದು ಯಾವ ಅರ್ಥದಲ್ಲಿ ಬೇರೆ?

ಒಡೆಯನನ್ನು ಮೆಚ್ಚಿಸಲು ಪಂಪ ಕತೆಯನ್ನೂ ತಿದ್ದಿದ. ಐವರ ಹೆಂಡತಿಯಾದ ದ್ರೌಪದಿ ಅವನ ಕಾವ್ಯದಲ್ಲಿ ಅರ್ಜುನನೊಬ್ಬನ ಹೆಂಡತಿ. ಕೊನೆಯಲ್ಲಿ ಸಿಂಹಾಸನವೇರುವವನು ಧರ್ಮರಾಯನಲ್ಲ, ಅರ್ಜುನ. ಪಟ್ಟದರಾಣಿಯಾಗಿ ಪಕ್ಕದಲ್ಲಿ ಕೂರುವವಳು ಸುಭದ್ರೆ. ಅರಿಕೇಸರಿಯ ಹೊಗಳಿಕೆಗಾಗಿ ಕಾವ್ಯ ಅಲ್ಲಲ್ಲಿ ಬಳಲುತ್ತದೆಂದು ಪಂಪನ ಅಭಿಮಾನಿಗಳೇ ಒಪ್ಪುತ್ತಾರೆ. ದ್ರೌಪದಿಯ ಕೂದಲು ಹಿಡಿದೆಳೆದ ಅಪಮಾನದಿಂದ ಹುಟ್ಟಿದ ಯುದ್ಧದ ಕೊನೆಗೆ ಅವಳೇ ಸಿಂಹಾಸನದ ಹತ್ತಿರ ಇಲ್ಲದಿರುವುದು ಸಣ್ಣ ಕುಂದೇನಲ್ಲ. ಹಣ ಕಾವ್ಯವನ್ನು ಕೆಡಿಸುತ್ತದೆ ಎನ್ನುವವರಿಗೆ ಇಲ್ಲಿ ಸಾಕ್ಷಿಯಿದೆ.

ಆದರೆ ಸಾವಿರ ವರ್ಷಗಳಿಂದ ಈ ಕಾವ್ಯವನ್ನು ಓದುತ್ತ ಬಂದವರ ಮನಸ್ಸಿನಲ್ಲಿ ಉಳಿದವನು ಅರ್ಜುನನಲ್ಲ, ಕರ್ಣ. ಹಳಗನ್ನಡ ಓದಿದ ಯಾವ ವಿದ್ಯಾರ್ಥಿಯನ್ನಾದರೂ ಕೇಳಿ. ಋಣಕ್ಕೆ ಕಟ್ಟುಬಿದ್ದ ಕರ್ಣ, ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡದ ಕರ್ಣ, ಮಾತಿಗೆ ತಪ್ಪದ ಕರ್ಣ. ಇವನನ್ನು ಬರೆಯೆಂದು ಅರಿಕೇಸರಿ ಹೇಳಿರಲಿಲ್ಲ. ಅರ್ಜುನನ ಶತ್ರುವನ್ನು ಓದುಗ ಪ್ರೀತಿಸಲಿ ಎಂದು ಅಗ್ರಹಾರ ಕೊಟ್ಟವನು ಬಯಸಿರಲೂ ಸಾಧ್ಯವಿಲ್ಲ. ಅರಸನ ದುಡ್ಡು ಅರ್ಜುನನನ್ನು ಕೊಂಡಿತು. ಕರ್ಣ ಆ ಲೆಕ್ಕದ ಆಚೆಯಿಂದ ಬಂದ. ಅರಸನ ಅನ್ನವುಂಡು ಅದರ ಋಣವನ್ನು ತೀರಿಸಬೇಕಾದವನ ಸಂಕಟ ಪಂಪನಿಗೆ ಅಷ್ಟು ಚೆನ್ನಾಗಿ ತಿಳಿದದ್ದಾದರೂ ಹೇಗೆ? ಸ್ವತಃ ಆ ಅನ್ನ ಉಂಡಿದ್ದರಿಂದಲೇ ಎಂದು ನಾನು ಭಾವಿಸುತ್ತೇನೆ.

ರನ್ನನದೂ ಇದೇ ಕತೆ. ಮುಧೋಳದ ಬಳೆಗಾರರ ಮನೆಯ ಹುಡುಗ ಚಾಳುಕ್ಯರ ಆಸ್ಥಾನಕ್ಕೇರಿ, ದೊರೆ ಸತ್ಯಾಶ್ರಯನನ್ನು ಭೀಮನಾಗಿಸಿ ‘ಗದಾಯುದ್ಧ’ ಬರೆದ. ಗೆದ್ದ ಭೀಮ ದೊರೆಗೆ ಸಂದ. ರಣರಂಗದಲ್ಲಿ ಹೆಣಗಳ ನಡುವೆ ತನ್ನವರನ್ನು ಹುಡುಕುತ್ತ ನಡೆಯುವ ದುರ್ಯೋಧನ ನಮಗೆ ಸಂದ. ಒಬ್ಬ ಕವಿಯ ವಿಷಯದಲ್ಲಾದರೆ ಆಕಸ್ಮಿಕವೆನ್ನಬಹುದಿತ್ತು. ಎರಡು ಸಲ ಹೀಗಾದರೆ ಸಂಭಾವನೆಯ ಸ್ವಭಾವದ ಬಗ್ಗೆ ನಾವು ಏನನ್ನೋ ಕಲಿಯಬೇಕಾಗುತ್ತದೆ. ಹಣ ಕೊಟ್ಟವನು ನಾಯಕನ ಹೆಸರನ್ನು ಗೊತ್ತುಮಾಡಬಲ್ಲ, ಓದುಗ ಯಾರಿಗಾಗಿ ಕಣ್ಣೀರಿಡಬೇಕೆಂಬುದನ್ನು ಗೊತ್ತುಮಾಡಲಾರ.

ಹಾಗಾದರೆ ಕಲ್ಯಾಣದ ದಾರಿ? ಅದನ್ನು ನಾನು ಕಡೆಗಣಿಸುತ್ತಿಲ್ಲ. ಅರಮನೆಯ ಕಡೆ ಮುಖವನ್ನೇ ಮಾಡದೆ ಬರೆಯಬಹುದೆಂದು, ಬರೆದದ್ದು ಪಂಪನಷ್ಟೇ ಎತ್ತರಕ್ಕೆ ಏರಬಹುದೆಂದು ಕನ್ನಡಕ್ಕೆ ತೋರಿಸಿಕೊಟ್ಟವರು ಶರಣರು. ಅವರ ನಂತರ ಬಂದ ಹರಿಹರ ನರರನ್ನು ಹೊಗಳುವುದಿಲ್ಲವೆಂದು ನಿಶ್ಚಯಿಸಿದ. ಸೋದರಳಿಯ ರಾಘವಾಂಕ ಹರಿಶ್ಚಂದ್ರನ ಕಾವ್ಯವನ್ನು ಹಿಡಿದುಕೊಂಡು ದೊರೆಯ ಸಭೆಗೆ ಹೋದಾಗ ಅವನು ಕೆರಳಿದನೆಂಬ ಐತಿಹ್ಯ ನಮಗೆಲ್ಲ ಗೊತ್ತು. ಆದರೆ ಆ ಕೋಪಕ್ಕೆ ಗುರಿಯಾದ ಕಾವ್ಯವೂ ಉಳಿಯಿತು ಎಂಬುದನ್ನು ಈ ಕತೆ ಹೇಳುವವರು ಮರೆಯುತ್ತಾರೆ.

ಇನ್ನೊಂದನ್ನೂ ಮರೆಯುತ್ತಾರೆ. ಶರಣರು ವಚನಕ್ಕೆ ಹಣ ಪಡೆಯಲಿಲ್ಲ ನಿಜ, ಆದರೆ ಹಣವೇ ಬೇಡವೆಂದೂ ಹೇಳಲಿಲ್ಲ. ನುಲಿಯ ಚಂದಯ್ಯ ಹಗ್ಗ ಮಾರಿದ, ಅಂಬಿಗರ ಚೌಡಯ್ಯ ದೋಣಿ ನಡೆಸಿದ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮ ತಿರಸ್ಕರಿಸಿದ್ದು ಅಗತ್ಯಕ್ಕಿಂತ ಮೀರಿದ್ದನ್ನು, ಅಂದಂದಿನ ಅಕ್ಕಿಯನ್ನಲ್ಲ. ಇನ್ನು ಬಸವಣ್ಣನೋ, ಬಿಜ್ಜಳನ ಭಂಡಾರದ ಅಧಿಕಾರಿ. ವಚನಗಳ ಹಿಂದೆ ಒಂದು ಅಡುಗೆಮನೆ ಇತ್ತು, ಅದಕ್ಕೆ ಎಲ್ಲಿಂದಲೋ ಧಾನ್ಯ ಬರುತ್ತಿತ್ತು ಎಂದಷ್ಟೇ ನಾನು ಹೇಳುತ್ತಿರುವುದು.

ಈ ಅಡುಗೆಮನೆಯ ಲೆಕ್ಕವನ್ನು ಇಪ್ಪತ್ತನೆಯ ಶತಮಾನಕ್ಕೆ ತಂದರೆ ಸ್ವಾರಸ್ಯವಿದೆ. ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಿದ್ದು ಮುಂದೆ ಕುಲಪತಿಯಾದವರು. ಮಾಸ್ತಿ ಮೈಸೂರು ಸಂಸ್ಥಾನದ ಹಿರಿಯ ಅಧಿಕಾರಿ. ಅಡಿಗ, ಅನಂತಮೂರ್ತಿ, ಭೈರಪ್ಪ ಎಲ್ಲರೂ ಮೇಷ್ಟರುಗಳು. ನಮ್ಮ ಕಲಬುರಗಿಯಲ್ಲೇ ‘ವ್ಯೋಮಾವ್ಯೋಮ’ ಮಹಾಕಾವ್ಯ ಬರೆದ ಚೆನ್ನಣ್ಣ ವಾಲೀಕಾರರು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಇವರು ಯಾರೂ ದುಡ್ಡಿಗಾಗಿ ಬರೆಯಲಿಲ್ಲವೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಬರೆಯಬೇಕಾದ ಅನಿವಾರ್ಯ ಅವರಿಗೆ ಇರಲಿಲ್ಲ. ಒಂದನೆಯ ತಾರೀಖಿನಂದು ಸಂಬಳ ಬರುತ್ತಿತ್ತು. ಅರಸು ಹೋದ ಮೇಲೆ ಕನ್ನಡ ಕಾವ್ಯದ ಪೋಷಕನಾದದ್ದು ಸರ್ಕಾರದ ಖಜಾನೆ. ಈ ಖಜಾನೆ ಅರಿಕೇಸರಿಗಿಂತ ಉದಾರಿ. ತನ್ನನ್ನು ಹೊಗಳೆಂದು ಅದು ಕೇಳಲಿಲ್ಲ, ಏನು ಬರೆದಿರೆಂದು ವಿಚಾರಿಸಲೂ ಇಲ್ಲ. ಆದರೆ ಅದರ ಬಾಗಿಲಿನೊಳಗೆ ಹೋಗಲು ಪದವಿ ಬೇಕಿತ್ತು, ನೇಮಕಾತಿ ಆದೇಶ ಬೇಕಿತ್ತು. ಪದವಿಯೂ ಆದೇಶವೂ ಇಲ್ಲದವನು ಬರೆಯುವುದಾದರೆ ಒಂದೋ ಉಪವಾಸವಿರಬೇಕು, ಇಲ್ಲವೇ ಬರವಣಿಗೆಯನ್ನೇ ಮಾರಬೇಕು.

ಮಾರಿದವರಿದ್ದರು. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯೊಂದಿಗೆ ಊರೂರು ತಿರುಗಿ ಮಾರಿದ್ದು ಉತ್ತರ ಕರ್ನಾಟಕದ ಓದುವ ಮನೆಗಳಲ್ಲಿ ಇಂದಿಗೂ ನೆನೆಯುವ ಸಂಗತಿ. ಅವರು 1942ರಲ್ಲಿ ತೀರಿಕೊಂಡಾಗ ಹಣ ಉಳಿದಿರಲಿಲ್ಲ, ಓದುಗರು ಉಳಿದಿದ್ದರು. ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಲೇಖನಿಯೇ ನನ್ನ ಜೀವನವೆಂದು ತಲೆಯೆತ್ತಿ ಬಾಳಿದರು. ಅವುಗಳಲ್ಲಿ ಬಹುಪಾಲು ಇಂದು ಓದಿಸಿಕೊಳ್ಳುವುದಿಲ್ಲ. ಅವಸರ ಕಣ್ಣಿಗೆ ಹೊಡೆಯುತ್ತದೆ. ‘ಸಂಧ್ಯಾರಾಗ’ ಮಾತ್ರ ಬೇರೆ. ತ.ರಾ.ಸು. ಅವರೂ ಬರವಣಿಗೆಯನ್ನೇ ನೆಚ್ಚಿದವರು. ಅವರ ‘ಹಂಸಗೀತೆ’ ಹಿಂದಿಯ ‘ಬಸಂತ್ ಬಹಾರ್’ ಚಿತ್ರವಾಯಿತು, ‘ನಾಗರಹಾವು’ ಕನ್ನಡ ಚಿತ್ರರಂಗದ ಇತಿಹಾಸವನ್ನೇ ಬದಲಿಸಿತು. ಆದರೂ ಚಿತ್ರದುರ್ಗದ ಪತನದ ಕತೆಯಾದ ‘ದುರ್ಗಾಸ್ತಮಾನ’ವನ್ನು ಕೇಂದ್ರ ಸಾಹಿತ್ಯ ಅಕಾಡೆಮಿ ಗೌರವಿಸಿದ್ದು 1985ರಲ್ಲಿ, ಅವರು ತೀರಿಕೊಂಡ ಮರುವರ್ಷ. ಜೀವನವಿಡೀ ಸರ್ಕಾರಿ ನೌಕರಿಯ ಹತ್ತಿರ ಸುಳಿಯದ ಶಿವರಾಮ ಕಾರಂತರು ಪುಸ್ತಕ ಬರೆದರು, ಅಚ್ಚು ಹಾಕಿದರು, ಮಕ್ಕಳಿಗಾಗಿ ‘ಬಾಲಪ್ರಪಂಚ’ ಸಿದ್ಧಪಡಿಸಿದರು. ಅದೇ ಕೈ ‘ಚೋಮನ ದುಡಿ’ಯನ್ನೂ ಬರೆಯಿತು.

ವೃತ್ತಿ ನಾಟಕಗಳ ಮಾತು ಬಾರದೆ ಕಲಬುರಗಿಯವನ ಈ ಚರ್ಚೆ ಪೂರ್ತಿಯಾಗದು. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ಕಂಪನಿಗಾಗಿ ಬರೆದ ನಾಟಕ. ಟಿಕೆಟ್ ಖರ್ಚಾಗದಿದ್ದರೆ ಮರುದಿನ ನಟರಿಗೆ ಊಟವಿಲ್ಲ ಎಂಬ ಅರಿವಿನಲ್ಲಿ ಅದರ ಒಂದೊಂದು ಪ್ರವೇಶವೂ ಹುಟ್ಟಿದೆ. ನಮ್ಮ ಹಳ್ಳಿಗಳ ಜಾತ್ರೆಗಳಲ್ಲಿ ಹವ್ಯಾಸಿ ತಂಡದವರು, ಅಕ್ಷರ ಬಾರದವರೂ ಸಹ, ಅದರ ಉದ್ದುದ್ದನೆಯ ಮಾತುಗಳನ್ನು ಬಾಯಿಪಾಠ ಮಾಡಿ ಬೆಳಗಿನ ಜಾವದವರೆಗೂ ಆಡುವುದನ್ನು ನಾನು ಕಂಡಿದ್ದೇನೆ. ವಿಶ್ವವಿದ್ಯಾಲಯದ ಪಠ್ಯಪಟ್ಟಿಗಳು ಅದಕ್ಕೆ ಕೊಟ್ಟ ಜಾಗ ಮಾತ್ರ ಕಡಿಮೆ. ಗಲ್ಲಾಪೆಟ್ಟಿಗೆಗೆ ಬರೆದದ್ದು ಎಂಬುದಲ್ಲದೆ ಬೇರೆ ಕಾರಣ ನನಗೆ ಕಾಣದು. ಹಾಗೆ ನೋಡಿದರೆ ಷೇಕ್ಸ್‌ಪಿಯರ್ ತನ್ನ ನಾಟಕ ಕಂಪನಿಯ ಪಾಲುದಾರ; ಲಾಭದಲ್ಲಿ ಪಾಲು ಎಣಿಸಿಕೊಂಡವನು. ದಾಸ್ತೋವ್‌ಸ್ಕಿ 1866ರಲ್ಲಿ, ಪ್ರಕಾಶಕನೊಬ್ಬನ ಕ್ರೂರ ಕರಾರಿಗೆ ಸಿಕ್ಕಿಬಿದ್ದು, 26 ದಿನಗಳಲ್ಲಿ ಒಂದು ಕಾದಂಬರಿಯನ್ನು ಹೇಳಿ ಬರೆಯಿಸಿದ. ತಾಯಿಯ ಅಂತ್ಯಕ್ರಿಯೆಯ ಖರ್ಚಿಗೆಂದು ಸ್ಯಾಮ್ಯುಯೆಲ್ ಜಾನ್ಸನ್ 1759ರಲ್ಲಿ ಒಂದು ವಾರದ ಸಂಜೆಗಳಲ್ಲಿ ‘ರಾಸೆಲಾಸ್’ ಬರೆದ. ಪಟ್ಟಿ ಬೆಳೆಸುವುದು ಬೇಡ.

ಇದರ ಅರ್ಥ ದುಡ್ಡು ನಿರಪಾಯಕಾರಿ ಎಂದಲ್ಲ. ವಾರಪತ್ರಿಕೆಗಳ ಸುಗ್ಗಿಯ ಕಾಲದಲ್ಲಿ, ಹತ್ತು ಕಂತಿಗೆ ಮುಗಿಯಬೇಕಿದ್ದ ಕತೆಯನ್ನು ಮೂವತ್ತು ಕಂತಿಗೆ ಎಳೆದವರನ್ನು ನನ್ನ ತಲೆಮಾರು ಓದಿದೆ. ನಾಯಕಿಗೆ ಮರೆವಿನ ರೋಗ ಬಂದಾಗಲೆಲ್ಲ ಲೇಖಕರಿಗೆ ಮನೆಬಾಡಿಗೆ ಬಂದಿದೆಯೆಂದು ನಾವು ನಗೆಯಾಡುತ್ತಿದ್ದೆವು. ಈಗಿನ ಧಾರಾವಾಹಿಗಳಲ್ಲಿ ಇದು ಇನ್ನೂ ಹೆಚ್ಚು. ಅಲ್ಲಿ ಕತೆಯ ತಿರುವನ್ನು ವಾರ ವಾರ ಬರುವ ವೀಕ್ಷಕರ ಅಂಕಿ ನಿರ್ಧರಿಸುತ್ತದೆ. ಕರ್ಣನನ್ನು ಒಳಗೆ ತರಲು ಸಂದಿಯೇ ಇರುವುದಿಲ್ಲ. ಅರಿಕೇಸರಿ ಆರು ತಿಂಗಳು ಪಂಪನನ್ನು ಅವನ ಪಾಡಿಗೆ ಬಿಟ್ಟಿರಬೇಕು. ಪ್ರತಿ ಆಶ್ವಾಸವನ್ನೂ ತರಿಸಿ ನೋಡಿ ತಿದ್ದಿಸಿದ್ದರೆ ನಮಗೆ ಅರ್ಜುನನೊಬ್ಬನೇ ದಕ್ಕುತ್ತಿದ್ದ. ಆದ್ದರಿಂದ ಹಣ ಎಷ್ಟು ಎಂಬುದಕ್ಕಿಂತ, ಹಣ ಕೊಟ್ಟವನು ಎಷ್ಟು ಹೊತ್ತು ಬೆನ್ನ ಹಿಂದೆ ನಿಲ್ಲುತ್ತಾನೆ ಎಂಬುದು ಮುಖ್ಯವೆಂದು ನನಗೆ ತೋರುತ್ತದೆ. ಆ ಲೆಕ್ಕದಲ್ಲಿ ಇಂದು ದುಡ್ಡಿಗಾಗಿ ಬರೆಯುವವರಿಗಿಂತ ಆಯ್ಕೆ ಸಮಿತಿಗಾಗಿ, ಪ್ರಶಸ್ತಿಗಾಗಿ, ಗ್ರಂಥಾಲಯದ ಸಗಟು ಖರೀದಿಗಾಗಿ ಬರೆಯುವವರ ಬಗ್ಗೆಯೇ ನನಗೆ ಹೆಚ್ಚು ಆತಂಕ. ಇವರ ಬೆನ್ನ ಹಿಂದೆಯೂ ಒಬ್ಬ ಒಡೆಯನಿದ್ದಾನೆ, ಆದರೆ ಅವನು ಮುಖ ತೋರಿಸುವುದಿಲ್ಲ.

ಗೋಷ್ಠಿ ನಡೆದ ಕೆಲವು ವಾರಗಳ ಬಳಿಕ ಬೀದರಿಗೆ ಹೊರಟಿದ್ದ ನಾನು ಕಮಲಾಪುರದಲ್ಲಿ ಇಳಿದು ಆ ಹುಡುಗನ ಮನೆಗೆ ಹೋಗಿದ್ದೆ. ಕಮಲಾಪುರವೆಂದರೆ ಕೆಂಪು ಬಾಳೆ. ತಾಮ್ರವರ್ಣದ ಸಿಪ್ಪೆ, ಒಳಗೆ ಕೆನೆಬಣ್ಣದ ತಿರುಳು, ಅದಕ್ಕೇ ವಿಶಿಷ್ಟವಾದ ಒಂದು ಪರಿಮಳ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಹಣ್ಣು ಬೇರೆ ಬಾಳೆಗಿಂತ ನಿಧಾನವಾಗಿ ಬೆಳೆಯುತ್ತದೆ, ಹೆಚ್ಚು ಗೊಬ್ಬರ, ಹೆಚ್ಚು ಆರೈಕೆ ಕೇಳುತ್ತದೆ, ಸಹಜವಾಗಿಯೇ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತದೆ. ಹುಡುಗನ ತಂದೆ ಅದನ್ನು ಬೆಳೆಯುವವರು. ಗೋಷ್ಠಿಯಲ್ಲಿ ನಡೆದ ಮಾತು ಅವರ ಕಿವಿಗೂ ಬಿದ್ದಿತ್ತು. ಹಣ್ಣಿನ ತಟ್ಟೆಯನ್ನು ಮುಂದಿಟ್ಟು ಕೇಳಿದರು: ‘ನಾವು ಮಾರ್ಲಾಕೇ ಬೆಳೀತೀವ್ರಿ ಸರ. ಮಾರ್ಲಾಕ ಬೆಳೆದ ಹಣ್ಣಿಗಿ ಸವಿ ಕಮ್ಮಿ ಆಗ್ತದೇನು?’

ನಾನು ಇಲ್ಲವೆಂದೆ. ಹಣ್ಣಿಗೂ ಕತೆಗೂ ಇರುವ ವ್ಯತ್ಯಾಸವನ್ನು ವಿವರಿಸಲು ನನಗೆ ಆಗ ತೋಚಲಿಲ್ಲ, ಈಗಲೂ ಅಷ್ಟಾಗಿ ತೋಚುತ್ತಿಲ್ಲ. ಬೆಲೆ ಸಿಗದಿದ್ದರೆ ಏನಾಗುತ್ತದೆಂಬುದು ಮಾತ್ರ ಎರಡರಲ್ಲೂ ಒಂದೇ. ಇಷ್ಟು ಆರೈಕೆ ಬೇಡುವ ಬೆಳೆಯನ್ನು ಬಿಟ್ಟು ಬೇಗ ಕೈಗೆ ಬರುವ ಬೆಳೆಯ ಕಡೆ ರೈತ ಹೋಗುತ್ತಾನೆ. ಅವನನ್ನು ಯಾರೂ ಮಣ್ಣಿನ ದ್ರೋಹಿ ಎನ್ನುವುದಿಲ್ಲ.

ಬೆಲೆಯ ಲೆಕ್ಕವನ್ನೂ ಒಮ್ಮೆ ಹಾಕೋಣ. ಕನ್ನಡದ ಒಂದು ಕಥಾಸಂಕಲನ ಸಾವಿರ ಪ್ರತಿ ಅಚ್ಚಾಗುವುದೇ ಈಗ ದೊಡ್ಡದು. ಮುಖಬೆಲೆ 200 ರೂಪಾಯಿ, ಲೇಖಕನಿಗೆ ಶೇಕಡಾ 10ರ ಗೌರವಧನ, ಸಾವಿರವೂ ಖರ್ಚಾಯಿತು ಎಂದುಕೊಂಡರೆ ಸಿಗುವುದು 20 ಸಾವಿರ ರೂಪಾಯಿ. ನಾಲ್ಕು ವರ್ಷದ ಶ್ರಮವಾದರೆ ತಿಂಗಳಿಗೆ ಸುಮಾರು 417 ರೂಪಾಯಿ. ಇದೂ ಕೈಗೆ ಬಂದರೆ ಪುಣ್ಯ. ನನ್ನ ಮೊದಲ ಪುಸ್ತಕಕ್ಕೆ ಪ್ರಕಾಶಕರು ಹಣದ ಬದಲು 50 ಪ್ರತಿಗಳನ್ನು ಆಟೋದಲ್ಲಿ ಹಾಕಿ ಕಳಿಸಿದ್ದರು. ಆಟೋದ ಬಾಡಿಗೆಯನ್ನು ನಾನೇ ಕೊಟ್ಟೆ. ಸಂಬಳವಿತ್ತು, ಆದ್ದರಿಂದ ನಕ್ಕು ಸುಮ್ಮನಾದೆ. ಸಂಬಳವಿಲ್ಲದವನು ಹಾಗೆ ನಗಲಾರ. ಅವನು ಎರಡನೆಯ ಪುಸ್ತಕ ಬರೆಯುವುದಿಲ್ಲ. ಬರೆಯಲಿಲ್ಲವೆಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಗೀತಾ ನಾಗಭೂಷಣ ಅವರನ್ನು ನೆನೆದಾಗ ಈ ಮಾತಿನ ತೂಕ ನನಗೆ ತಿಳಿಯುತ್ತದೆ. 1942ರಲ್ಲಿ ಸಾವಳಗಿಯಲ್ಲಿ ಹುಟ್ಟಿ, ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕರೊಬ್ಬರ ಮಗಳಾಗಿ ಬೆಳೆದು, ಕಚೇರಿಯ ಗುಮಾಸ್ತಿಕೆಯಿಂದ ಕಾಲೇಜಿನ ಮೇಜಿನವರೆಗೆ ದುಡಿಯುತ್ತಲೇ ಕಾದಂಬರಿ ಮೇಲೆ ಕಾದಂಬರಿ ಬರೆದವರು ಅವರು. ‘ಹಸಿಮಾಂಸ ಮತ್ತು ಹದ್ದುಗಳು’ ಸಿನಿಮಾ ಆಯಿತು. ಬಹುಕಾಲ ಅವರನ್ನು ಜನಪ್ರಿಯ ಲೇಖಕಿಯರ ಸಾಲಿನಲ್ಲಿ ಕೂರಿಸಿ ಮುಂದೆ ಹೋದವರೇ ಹೆಚ್ಚು. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ಊರಿಗೆ ಊರೇ ಬೀಗಿತು. ಈ ನೆಲದ ಕೇರಿಯ ಹೆಂಗಸರ ಮಾತು, ಬೈಗುಳ, ಹಸಿವು ಆ ಪ್ರಮಾಣದಲ್ಲಿ ಕನ್ನಡದ ಪುಟಕ್ಕೆ ಬಂದದ್ದು ಅವರಿಂದ. ಅವರ ಕೈಗೆ ಆ ಕೆಲಸ, ಆ ಸಂಬಳ ಸಿಗದೆ ಹೋಗಿದ್ದರೆ? ಹಾಗೆ ಸಿಗದೆ ಹೋದವರು ಆ ಮಿಲ್ಲಿನ ಕೇರಿಗಳಲ್ಲಿ ಇನ್ನೆಷ್ಟು ಜನ ಇದ್ದರೋ.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ, 50 ಸಾವಿರ ಪೌಂಡ್ ಎಂಬ ಮೊತ್ತವನ್ನು ಕೇಳಿ ನಮ್ಮಲ್ಲಿ ಹುಬ್ಬೇರಿಸಿದವರು ಬಹಳ. ಅದನ್ನು ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ ಸಮನಾಗಿ ಹಂಚಿಕೊಳ್ಳಬೇಕೆಂಬುದು ಆ ಪ್ರಶಸ್ತಿಯ ನಿಯಮ. ಅನುವಾದವೂ ಕೂಲಿಗೆ ಅರ್ಹವಾದ ದುಡಿಮೆ ಎಂಬುದನ್ನು ನಾವು ಗಮನಿಸಲಿಲ್ಲ. ಆ ಕತೆಗಳ ಕಾಲ 1990ರಿಂದ 2023. ಮೂರು ದಶಕ ಆ ಬರವಣಿಗೆಯನ್ನು ಸಾಕಿದ್ದು ಲೇಖಕಿಯ ವಕೀಲಿ ವೃತ್ತಿಯೇ ಹೊರತು ನಮ್ಮ ಓದುಗ ಲೋಕವಲ್ಲ.

2020ರ ಫೆಬ್ರುವರಿಯಲ್ಲಿ ಕಲಬುರಗಿಯಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಳ್ಳುವವರು ಇಲ್ಲ ಎಂಬ ಮಾತನ್ನು ಅಂದಿನಿಂದ ನಾನು ನಂಬುವುದಿಲ್ಲ. ಇನ್ನು ನಮ್ಮ ತಾಲ್ಲೂಕು ಮಟ್ಟದ ಸಾಹಿತ್ಯ ಕಾರ್ಯಕ್ರಮಗಳ ಖರ್ಚಿನ ಪಟ್ಟಿಯನ್ನು ಯಾರಾದರೂ ತೆಗೆದು ನೋಡಲಿ. ಶಾಮಿಯಾನ, ಧ್ವನಿವರ್ಧಕ, ಊಟ, ಹಾರ, ಶಾಲು, ಸ್ಮರಣಿಕೆ ಎಲ್ಲಕ್ಕೂ ಒಂದೊಂದು ಸಾಲು, ಎದುರಿಗೆ ಮೊತ್ತ. ಕೆಲವರಿಗೆ ಮುಂಗಡವೂ ಹೋಗಿರುತ್ತದೆ. ಕವಿಗೋಷ್ಠಿಗೆಂದು ಜೇವರ್ಗಿಯಿಂದಲೋ ಚಿಂಚೋಳಿಯಿಂದಲೋ ಬೆಳಗಿನ ಬಸ್ಸು ಹಿಡಿದು ಬಂದವನ ಹೆಸರಿನ ಎದುರು ಏನೂ ಇರುವುದಿಲ್ಲ. ಕೇಳಿದರೆ, ಸಾಹಿತ್ಯ ಸೇವೆಯಲ್ಲವೇ ಎನ್ನುತ್ತಾರೆ. ಮುಂದಿನ ಬಾರಿ ಬಸ್ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯಷ್ಟಾದರೂ ಕೊಡೋಣವೆಂದು ನಮ್ಮ ಸಮಿತಿಯಲ್ಲಿ ನಾನು ಸೂಚಿಸಿದ್ದೇನೆ. ಸ್ಮರಣಿಕೆ ಕೈಬಿಟ್ಟರೆ ಹಣ ಹೊಂದುತ್ತದೆ. ನಿರ್ಣಯ ಇನ್ನೂ ಆಗಿಲ್ಲ.

ಕಮಲಾಪುರದ ಹುಡುಗ ಬೆಂಗಳೂರಿಗೆ ಹೋದ. ಕಂತುಗಳು ಸಾಗುತ್ತಿವೆ, ಎರಡು ವಾರದ ಹಿಂದೆ ಫೋನು ಮಾಡಿ, ಊರಿನಲ್ಲಿ ಕೊಳವೆಬಾವಿಯ ಸಾಲ ತೀರಿತೆಂದು ತಿಳಿಸಿದ. ಭಾನುವಾರಗಳಂದು ಬರೆದ ಒಂದು ಕತೆಯನ್ನೂ ಕಳಿಸಿದ್ದಾನೆ. ಚಿತ್ರೀಕರಣದ ಮನೆಯಲ್ಲಿ ನಟರಿಗೆ ಚಹಾ ಕೊಡುವ, ನಮ್ಮ ಕಡೆಯ ಒಬ್ಬ ಮುದುಕನ ಕತೆ. ಎಂಟು ಪುಟ. ಯಾವ ಪತ್ರಿಕೆ ಸಂಭಾವನೆ ಕೊಡುತ್ತದೆ ಎಂದು ಕೇಳಿದ್ದಾನೆ.